ನೋಡಲಿಲ್ಲ ಎಂದ ಟೈಮ್‌ಕೀಪರ್

ಹೋದ ವಾರ ವಾಗ್ಳೆ ಎಸ್ಟೇಟ್ ಎಂಬ ಕೈಗಾರಿಕಾ ಪ್ರದೇಶದಲ್ಲಿ ರಿಕ್ಷಾಕ್ಕೆ ಕಾಯುತ್ತಿದ್ದೆ. ಗಾಜಿನ ಕಟ್ಟಡಗಳ ನಡುವೆ ಹೇಗೋ ಉಳಿದುಕೊಂಡ ಒಂದು ತಗಡಿನ ಶೆಡ್ಡಿನಿಂದ ಬಿಸಿ ಮಶೀನ್ ಎಣ್ಣೆಯ ವಾಸನೆ ಬಂತು. ಆ ವಾಸನೆ ನಿಮಗೆ ಗೊತ್ತಿಲ್ಲದಿದ್ದರೆ ನೀವು ಪುಣ್ಯವಂತರು. ನನಗೆ ಅದು ಮೂಗಿನಿಂದ ಹೊಟ್ಟೆಗಿಳಿದು ಸಿಟ್ಟಾಗಿ ಕೂತಿತು.

ಇಂಥದೇ ಒಂದು ಶೆಡ್ಡಿನಲ್ಲಿ ಹನ್ನೊಂದು ವರ್ಷ ನಾನು ಟೈಮ್‌ಕೀಪರ್ ಆಗಿದ್ದೆ. ಗಾಜಿನ ಕ್ಯಾಬಿನ್, ಒಂದು ಫ್ಯಾನು, ಹಾಜರಿ ಪುಸ್ತಕ. ಉಡುಪಿ ಕಡೆಯಿಂದ ಬಂದು ಕೋಪರಿಯಲ್ಲಿ ಬಾಡಿಗೆ ಮನೆ ಹಿಡಿದವನಿಗೆ ಅಷ್ಟೇ ಸಿಂಹಾಸನ. ಊರಿಗೆ ಹೋದಾಗ ‘ಆಫೀಸರ್’ ಎಂದು ಹೇಳಿಕೊಳ್ಳುತ್ತಿದ್ದೆ. ಯಾರೂ ಬಂದು ನೋಡುವವರಿರಲಿಲ್ಲವಲ್ಲ!

ತಗಡು ಒತ್ತುವ ಪ್ರೆಸ್ ಮಶೀನಿನಲ್ಲಿ ಕೂರುತ್ತಿದ್ದ ಹೆಂಗಸರಲ್ಲಿ ಲಿಲ್ಲಿ ಬಾಯಿ ಒಬ್ಬರು. ಮಂಗಳೂರು ಕಡೆಯ ಕ್ರಿಶ್ಚಿಯನ್ನರು, ಕಲ್ಯಾಣದಿಂದ ಲೋಕಲ್ ಟ್ರೈನಿನಲ್ಲಿ ಬರುತ್ತಿದ್ದರು. ನನ್ನೊಡನೆ ತುಳು, ಸಿಟ್ಟು ಬಂದರೆ ಕನ್ನಡ.

ಆ ಮಶೀನಿಗೆ ಕೈ ಒಳಗೆ ಹೋಗದಂತೆ ಒಂದು ಜಾಲರಿ ಇರುತ್ತದೆ. ಅದರಿಂದ ಕೆಲಸ ನಿಧಾನ ಎಂದು ಮ್ಯಾನೇಜರ್ ಬಿಚ್ಚಿಸಿದ. ವಾರ ಕಳೆಯುವುದರೊಳಗೆ ಶಿವಮಂಗಲ್ ಎಂಬವನ ಎರಡು ಬೆರಳು ಹೋದವು. ‘ವರ್ಕರ್ ಕೀ ಗಲ್ತಿ, ಲಿಖೋ’ ಎಂದ ಮ್ಯಾನೇಜರ್. ಕೆಲಸಗಾರನದೇ ತಪ್ಪು ಎಂದು ನಾನು ಬರೆದೆ.

ಮರುದಿನ ಲಿಲ್ಲಿ ಬಾಯಿ ಮಶೀನು ಬಿಟ್ಟು ನೆಲದ ಮೇಲೆ ಕೂತರು. ಜಾಲರಿ ಹಾಕುವ ತನಕ ಏಳುವುದಿಲ್ಲ. ಉಳಿದ ಹೆಂಗಸರೂ ಕೂತರು. ನಾನು ದೊಡ್ಡ ಜ್ಞಾನಿಯ ಹಾಗೆ ಹೋಗಿ, “ಯಾಕೆ ಬಾಯಿ ಇದೆಲ್ಲ? ಒಂದು ಕೆನ್ನೆಗೆ ಹೊಡೆದರೆ ಇನ್ನೊಂದು ತೋರಿಸಿ ಅಂತಲ್ಲವೇ ನಿಮ್ಮಲ್ಲಿ?” ಎಂದೆ.

“ನನ್ನ ಕೆನ್ನೆ ನಾನು ತೋರಿಸ್ತೇನೆ ರಾಯರೆ. ಶಿವಮಂಗಲನ ಕೈ ತೋರಿಸ್ಲಿಕ್ಕೆ ನಾನು ಯಾರು?” ಎಂದರು ಕನ್ನಡದಲ್ಲಿ. “ಕೆಲಸ ಇರೂದು ಮನುಷ್ಯನಿಗೋಸ್ಕರ, ಮನುಷ್ಯ ಕೆಲಸಕ್ಕೋಸ್ಕರ ಅಲ್ಲ. ದುಡಿಯುವವರು ಒಟ್ಟಾಗೂದು ಪಾಪ ಅಲ್ಲ, ಹಕ್ಕು. ಇಗರ್ಜಿಯಲ್ಲಿ ಫಾದರ್ ಕಲಿಸಿದ್ದಾರೆ. ಬರೇ ಕೇಳಿ ಮನೆಗೆ ಹೋಗ್ಲಿಕ್ಕೆ ಕಲಿಸಿದ್ದಾ ಅದು?”

ಮೂರನೆಯ ದಿನ ಚಹಾದ ಹೊತ್ತಿಗೆ ನಮಗೆ ಆಳುಗಳನ್ನು ಗುತ್ತಿಗೆಗೆ ಒದಗಿಸುತ್ತಿದ್ದ ಠೇಕೇದಾರನ ನಾಲ್ಕು ಜನ ಸರಳು ಹಿಡಿದು ಬಂದರು. ಕೂತಿದ್ದ ಹೆಂಗಸರಿಗೆ ಹೊಡೆದರು. ಲಿಲ್ಲಿ ಬಾಯಿಯ ಭುಜದ ಎಲುಬು ಮುರಿಯಿತು. ನಮ್ಮ ಶೆಡ್ಡಿನ ಗಂಡಸರು ಠೇಕೇದಾರನ ಟೆಂಪೊಗೆ ಬೆಂಕಿ ಹಚ್ಚಲು ಓಡಿದರು. ನೆಲದಲ್ಲಿ ಬಿದ್ದಲ್ಲಿಂದಲೇ ಲಿಲ್ಲಿ ಬಾಯಿ ಕೂಗಿದರು: “ಬೇಡ! ಅವರ ಹಾಗೆ ಆಗ್ಲಿಕ್ಕೆ ನಾವು ಕೂತದ್ದಲ್ಲ!” ಓಡಿದವರೆಲ್ಲ ಅಲ್ಲೇ ನಿಂತರು.

ಪೊಲೀಸರು ನನ್ನನ್ನು ಕೇಳಿದರು. ಎಲ್ಲವೂ ನನ್ನ ಕಣ್ಣೆದುರೇ ನಡೆದಿತ್ತು. “ಹಾಜರಿ ಬರೀತಿದ್ದೆ, ನೋಡಲಿಲ್ಲ” ಎಂದೆ.

ಆಮೇಲೆ ಎರಡು ಎಳನೀರಿನ ಬೊಂಡ ಹಿಡಿದುಕೊಂಡು ಆಸ್ಪತ್ರೆಗೆ ಹೋದೆ, ಧರ್ಮಾತ್ಮ! “ಕ್ಷಮಿಸಿ ಬಾಯಿ” ಎಂದೆ.

“ಕ್ಷಮಿಸಿದೆ. ಅದು ನನ್ನ ಕೆಲಸ. ಸತ್ಯ ಹೇಳೂದು ನಿಮ್ಮ ಕೆಲಸ, ಹೋಗಿ ಮಾಡಿ ಬನ್ನಿ.”

ಮಾಡಲಿಲ್ಲ. ಸಾಕ್ಷಿ ಇಲ್ಲದೆ ಕೇಸು ಬಿದ್ದುಹೋಯಿತು. ಕೂತವರೆಲ್ಲ ಕೆಲಸ ಕಳಕೊಂಡರು. ನನಗೆ ಮಾತ್ರ ಬಡ್ತಿ ಸಿಕ್ಕಿತು. ನಿಮಗೆ ಹೇಳಲು ನಾಚಿಕೆಯಾಗುತ್ತದೆ, ಆದರೂ ಕೇಳಿ: ಆ ಖುಷಿಗೆ ಮನೆಯಲ್ಲಿ ಪಾಯಸ ಮಾಡಿಸಿದ್ದೆ.

ಈಗ ಹೊಡೆಯುವವನ ಮುಖವೂ ಕಾಣುವುದಿಲ್ಲ. ‘ನಾಳೆಯಿಂದ ಬರಬೇಡ’ ಎಂದು ಫೋನಿಗೆ ಮೆಸೇಜು ಬರುತ್ತದೆ, ಅಷ್ಟೆ. ಆ ಗಾಜಿನ ಕಟ್ಟಡಗಳಲ್ಲಿ ನನ್ನಂಥವರು ಎಷ್ಟು ಜನ ತಲೆ ತಗ್ಗಿಸಿ ಕೂತಿದ್ದಾರೋ!

ಈ ಭಾನುವಾರ ಕಲ್ಯಾಣಕ್ಕೆ ಹೋದೆ. ಇಗರ್ಜಿಯ ಹಾಲಿನಲ್ಲಿ ಲಿಲ್ಲಿ ಬಾಯಿ ಪ್ರತಿ ವಾರ ಠೇಕೆಯ ಕೆಲಸಗಾರರ ದೂರು ಬರೆಸುತ್ತಾರೆಂದು ಕೇಳಿದ್ದೆ. ಅವರ ತಲೆ ಪೂರ್ತಿ ಬೆಳ್ಳಗಾಗಿದೆ. ಬಲಗೈ ಭುಜದಿಂದ ಮೇಲೆ ಏಳುವುದಿಲ್ಲ.

“ಬಾಯಿ, ಅವತ್ತು ನಾನು ನೋಡಿದ್ದೆ.”

“ಗೊತ್ತುಂಟು. ಗಾಜಿನ ಒಳಗೆ ನಿಮ್ಮ ಮುಖ ಕಾಣ್ತಿತ್ತು.”

ಬೈಯಲಿಲ್ಲ. ಒಂದು ಕುರ್ಚಿ ಎಳೆದು ಪೆನ್ನು ಕೊಟ್ಟರು. ಎದುರಿಗೆ ಸುನೀತಾ ಎಂಬ ಹೆಂಗಸು. ಕಳಂಬೋಲಿಯ ಕಬ್ಬಿಣದ ಗೋದಾಮಿನಲ್ಲಿ ಕೈಗವಸು ಕೇಳಿದ್ದಕ್ಕೆ ಸೂಪರ್‌ವೈಸರ್ ಕೆನ್ನೆಗೆ ಹೊಡೆದಿದ್ದ. ಅವಳು ಮರಾಠಿಯಲ್ಲಿ ಹೇಳುತ್ತ ಹೋದಳು, ನಾನು ಬರೆಯುತ್ತ ಹೋದೆ. ಸಿಟ್ಟಿಗೆ ಪೆನ್ನು ಒತ್ತಿ ಎರಡು ಕಡೆ ಕಾಗದ ಹರಿಯಿತು. ಕೊನೆಗೆ, ಯಾರೂ ಕೇಳದಿದ್ದರೂ, ಬರೆದವರು ಎಂದು ನನ್ನ ಪೂರ್ತಿ ಹೆಸರು, ವಿಳಾಸ ಹಾಕಿದೆ.

ಲಿಲ್ಲಿ ಬಾಯಿ ಎಡಗೈಯಲ್ಲಿ ಕಾಗದ ತೆಗೆದುಕೊಂಡು ಓದಿದರು. ಹೊರಗೆ ಬೆಂಚು ತುಂಬಿತ್ತು.

“ಮುಂದಿನವರನ್ನು ಕರೀರಿ” ಎಂದರು.