ಟಚ್ಚಮ್ಮ ಉಳಿಸಿದ ಮೂಗು

ಫೋಟೋ ತೆಗೆಯುವುದು ಗಂಡನ ಕೆಲಸ, ತೆಗೆದ ಮುಖವನ್ನು ತಿದ್ದುವುದು ಹೆಂಡತಿಯ ಕೆಲಸ ಎಂದು ಸ್ಟುಡಿಯೋ ಶುರುವಾದ ದಿನವೇ ತೀರ್ಮಾನವಾಗಿತ್ತು. ಹೀಗೆ ಟಚಪ್ ಮಾಡುವ ಅಮ್ಮ ಬರಬರುತ್ತ ಇಡೀ ಬೀದಿಗೇ ಟಚ್ಚಮ್ಮ ಆದಳು. ಗಂಡ ತೀರಿಕೊಂಡ ಮೇಲೆ ಕ್ಯಾಮೆರಾ ಸೊಸೆಯ ಕೈಗೆ ಹೋಯಿತು. ಕಿಟಕಿ ಪಕ್ಕದ ಕುರ್ಚಿ ಮಾತ್ರ ಟಚ್ಚಮ್ಮನದೇ. ಕೂತು ಕೂತು ಅದರ ಮೆತ್ತೆ ಒಂದು ಕಡೆ ಎಷ್ಟು ಕುಸಿದಿತ್ತೆಂದರೆ, ಬೇರೆ ಯಾರಾದರೂ ಕೂತರೆ ಬಾಗಿಲ ಕಡೆಗೆ ವಾಲಿಬಿಡುತ್ತಿದ್ದರು.

ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸುತ್ತಿದ್ದ ಕಾಲದಿಂದಲೂ ಅವಳದೊಂದು ಪದ್ಧತಿ ಇತ್ತು. ತಿದ್ದುವ ಮುಂಚೆ ಗಿರಾಕಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳುವಳು: "ಈ ಮುಖದಲ್ಲಿ ಮನೆಯವರು ಯಾರು, ನೆಂಟರು ಯಾರು?" ಮೊನ್ನೆ ಎದ್ದ ಮೊಡವೆ ನೆಂಟ, ಕಳಿಸಿಬಿಡಬಹುದು. ಹುಟ್ಟಿನಿಂದ ಬಂದ ಮಚ್ಚೆ ಮನೆಯವನು. ಮುಖದ ಯಜಮಾನರ ಒಪ್ಪಿಗೆಯಿಲ್ಲದೆ ಅವನನ್ನು ಹೊರಗೆ ಹಾಕುವಂತಿಲ್ಲ. ಒಬ್ಬ ಮದುಮಗಳು ಕಣ್ಣಿನ ಕೆಳಗಿನ ಕಪ್ಪನ್ನು ತೋರಿಸಿ, "ಇದು ನೆಂಟನೇ ಆಂಟಿ, ಆದ್ರೆ ಹೊರಡೋ ಲಕ್ಷಣ ಕಾಣ್ತಿಲ್ಲ" ಎಂದು ನಗಿಸಿದ್ದಳು.

ಈಚೆಗೆ ಟಚ್ಚಮ್ಮನ ಬಲಗೈ ನಡುಗತೊಡಗಿತ್ತು. ಚಹಾ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, "ಯಾಕೋ ಚಳಿ" ಅನ್ನುವಳು. ನಾಲ್ಕು ಜನರ ನಡುವೆ ಆ ಕೈ ಸೆರಗಿನೊಳಗೇ ಇರುತ್ತಿತ್ತು. ಡಾಕ್ಟರು, "ವಯಸ್ಸಿನ ನಡುಕ, ಗಾಬರಿ ಬೇಡ. ಸೂಕ್ಷ್ಮ ಕೆಲಸ ಕಡಿಮೆ ಮಾಡಿ" ಅಂದಿದ್ದರು. ಆ ಮಾತನ್ನು ಅವಳು ಮನೆಗೆ ತಂದಿರಲಿಲ್ಲ. ಸೂಕ್ಷ್ಮ ಕೆಲಸ ಬಿಟ್ಟರೆ ಆ ಕುರ್ಚಿಯಲ್ಲಿ ಕೂರುವುದಾದರೂ ಯಾತಕ್ಕೆ?

ಅದೇ ಹೊತ್ತಿಗೆ ಮುಖ ತಿದ್ದುವ ಹೊಸ ಸಾಫ್ಟ್‌ವೇರ್ ಬಂತು. ಒಂದು ಗುಂಡಿ ಒತ್ತಿದರೆ ಸಾಕು, ಕಣ್ಣು ಮಿಟುಕಿಸುವಷ್ಟರಲ್ಲಿ ಮುಖ ತೊಳೆದಿಟ್ಟ ಹಾಗೆ. ಪ್ರಿಂಟ್ ಹಾಕಿಸುವ ಲ್ಯಾಬಿನ ಮುಂದೆ ಫೋಟೋಗ್ರಾಫರುಗಳದು ಅದೇ ಮಾತು.

"ತಗೊಳ್ಳದಿದ್ರೆ ಅಂಗಡಿ ಬಾಗಿಲು ಎಳ್ಕೊಳ್ಳಿ ಅಷ್ಟೇ," ಎಂದ ಮದುವೆ ಆಲ್ಬಮ್ಮಿನವನು.

"ನಿನ್ನ ಆಲ್ಬಮ್ ನೋಡಿದೆ ಕಣಯ್ಯ," ಎಂದ ಪಾಸ್‌ಪೋರ್ಟ್ ಫೋಟೋದವನು. "ವರನ ಅಜ್ಜಿಗೂ ವಧುವಿನ ಕೆನ್ನೆ ಅಂಟಿಸಿದೀಯ!"

ಸೊಸೆ ಅದನ್ನು ತಂದೇಬಿಟ್ಟಳು. "ಅತ್ತೆ, ಒಂದ್ಸಲ ನೋಡಿ" ಎಂದಳು. ಟಚ್ಚಮ್ಮ ತಲೆಯೆತ್ತಲಿಲ್ಲ. "ಗುಂಡಿ ಒತ್ತೋಕೆ ನಾನ್ಯಾಕೆ? ಬೆಕ್ಕು ಅದರ ಮೇಲೆ ನಡೆದ್ರೂ ಆಗತ್ತೆ."

ಆಗ ಬಂದವರು ಕೋಚಣ್ಣ. ಊರಿನ ಬಾಕ್ಸಿಂಗ್ ಶಾಲೆಯಲ್ಲಿ ತಲೆ ನರೆಯುವವರೆಗೆ ಹುಡುಗ ಹುಡುಗಿಯರನ್ನು ಪಳಗಿಸಿದವರು. ಮುಷ್ಟಿ ಎತ್ತಿ ಮುಖ ಕಾಯಿರಿ ಎನ್ನಲು "ಕೈ ಮೇಲೆ!" ಎಂದು ಅವರು ಕೂಗಿದರೆ ಪಕ್ಕದ ಬೀದಿಗೂ ಕೇಳುತ್ತಿತ್ತು. ಈಗ ನಿವೃತ್ತರಾಗುತ್ತಿದ್ದರು, ಶಾಲೆಯ ಗೋಡೆಗೆ ಬಾಗಿಲಷ್ಟು ದೊಡ್ಡ ಫೋಟೋ ಹಾಕಿಸಬೇಕೆಂದು ಶಿಷ್ಯರು ಹಟ ಹಿಡಿದಿದ್ದರು. ಟಚ್ಚಮ್ಮನ ಪ್ರಶ್ನೆಗೆ ಅವರು ಹಾಜರಿ ಕರೆದ ಹಾಗೆ ಉತ್ತರ ಕೊಟ್ಟರು. "ಈ ಸೊಟ್ಟ ಮೂಗು ಮನೆಯವನು ತಂಗಿ. ಮುದುರಿದ ಕಿವಿ ಮನೆಯದು. ಹುಬ್ಬಿನ ಮೇಲಿನ ಗಾಯದ ಗೆರೆ ಹಿರಿ ಮಗ. ಬೆಳಿಗ್ಗೆ ಗಡ್ಡ ಕೆರೆಯುವಾಗ ಕೊಯ್ದುಕೊಂಡೆನಲ್ಲ, ಇದೊಂದು ನೆಂಟ."

ಟಚ್ಚಮ್ಮ ಕೆಲಸಕ್ಕೆ ಕೂತಳು. ಕೂತವಳು ಇವತ್ತು ಕಣ್ಣು ಉರಿ, ನಾಳೆ ಬೆಳಕು ಸಾಲದು ಎಂದು ಮುಂದಕ್ಕೆ ಹಾಕುತ್ತ ಹೋದಳು. ಶಿಷ್ಯರು ನೋಡಲು ಬರುವ ದಿನ ಹತ್ತಿರ ಬಂದರೂ ಮುಖ ಹಾಗೇ ಇತ್ತು. ಅತ್ತೆಗೆ ಮರ್ಯಾದೆ ಹೋಗದಿರಲಿ ಎಂದು ಸೊಸೆ ಯಾರಿಗೂ ಹೇಳದೆ ಗುಂಡಿ ಒತ್ತಿದಳು.

ಶಿಷ್ಯರ ಜೊತೆ ಬಂದ ಕೋಚಣ್ಣ ಕಂಪ್ಯೂಟರ್ ಪರದೆಯ ಹತ್ತಿರಕ್ಕೆ ಬಗ್ಗಿದರು. "ಹುಡುಗ ಚೆನ್ನಾಗಿದಾನೆ ತಂಗಿ. ಯಾವ ಹೆಣ್ಣಿಗೆ ನೋಡ್ತಿದೀರಿ?"

ಮೂಗು ಅಳತೆಪಟ್ಟಿ ಇಟ್ಟು ಎಳೆದಂತಿತ್ತು. ಕಿವಿ ಅರಳಿತ್ತು. ಶಿಷ್ಯರು ಗೊಳ್ಳೆಂದರು. ಕೋಚಣ್ಣನ ನಗು ಮಾತ್ರ ಅರ್ಧಕ್ಕೆ ನಿಂತು, ಬೆರಳು ತಾನಾಗಿ ಮೂಗಿನ ಮೇಲೆ ಹೋಯಿತು. "ಇದನ್ನ ಗೋಡೆಗೆ ಹಾಕಿದ್ರೆ, ಹೊಸದಾಗಿ ಬರೋ ಮಕ್ಕಳು ಇಲ್ಲಿ ಏಟೇ ಬೀಳಲ್ಲ ಅಂದ್ಕೋತಾರೆ."

"ಇನ್ನೊಂದು ವಾರ ಕೊಡಿ ಅಣ್ಣ," ಎಂದಳು ಟಚ್ಚಮ್ಮ. ಅವರು ಹೋದ ಮೇಲೆ ಸೊಸೆಯ ಕಡೆ ತಿರುಗಿ, "ಕಂಡ್ಯಾ ನಿನ್ನ ಗುಂಡಿ?" ಎಂದು ಗೆದ್ದವಳ ಹಾಗೆ ಕುರ್ಚಿ ಎಳೆದುಕೊಂಡು, ತಿದ್ದದ ಮೊದಲಿನ ಫೋಟೋ ತೆರೆದು ಮೌಸ್ ಹಿಡಿದಳು. ಗಲ್ಲದ ಮೇಲಿನ ನೆಂಟನನ್ನು ಕಳಿಸಲು ಹೋದರೆ ಕೈ ಜಿಗಿಯಿತು. ಗಲ್ಲದ ತುಂಬ ಜಿರಳೆ ಓಡಾಡಿದ ಹಾಗೆ ಗೀರು. ಅಳಿಸಿದಳು. ಮತ್ತೆ ಜಿಗಿಯಿತು.

"ಚಳಿ," ಎಂದಳು.

"ಫ್ಯಾನ್ ಹಾಕಿದ್ದು ನೀವೇ ಅತ್ತೆ," ಎಂದಳು ಸೊಸೆ ಮೆಲ್ಲಗೆ.

ಟಚ್ಚಮ್ಮ ಮೌಸ್ ಬಿಟ್ಟಳು. ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದಳು. "ಇನ್ನು ಈ ಕುರ್ಚಿ ನಿಂದೇ."

"ಅದರಲ್ಲಿ ನಾನು ಕೂತ್ರೆ ಬಾಗಿಲಿಂದ ಆಚೆ ಬೀಳ್ತೀನಿ," ಎಂದ ಸೊಸೆ ಹೊಸ ಸಾಫ್ಟ್‌ವೇರ್ ತೆರೆದು ಕಂಪ್ಯೂಟರಿಗೆ ಜೋಡಿಸಿದ ಹಲಗೆಯೊಂದನ್ನು ಮುಂದಿಟ್ಟು ಅತ್ತೆಯ ಕೈಗೆ ಅದರ ಪೆನ್ನು ಕೊಟ್ಟಳು. "ಆ ಗುಂಡಿ ಬಿಟ್ಹಾಕಿ. ಕೇಳದೆ ಒತ್ತಿದ್ದು ನನ್ನ ತಪ್ಪು. ಇದು ಬೇರೆ. ಈ ಹಲಗೆ ಮೇಲೆ ಒಂದು ಗೆರೆ ಎಳೀರಿ."

ಕೈ ಅಲುಗಿತು, ಗೆರೆ ಅಲುಗಲಿಲ್ಲ. ನಡುಕವನ್ನು ಸೋಸಿ, ಕೈ ಹೋಗಬೇಕೆಂದ ದಾರಿಯನ್ನಷ್ಟೇ ಹಿಡಿಯುವ ಅನುಕೂಲ ಅದರಲ್ಲಿತ್ತು. ಟಚ್ಚಮ್ಮ ಇನ್ನೊಂದು ಗೆರೆ ಎಳೆದಳು. ಮತ್ತೊಂದು. ಹಳೆಯ ಪೆನ್ಸಿಲ್ಲಿನ ಕಾಲದ ಅವಳದೇ ಗೆರೆ! "ಇಷ್ಟು ದಿನ ಇದನ್ನ ಎಲ್ಲಿ ಬಚ್ಚಿಟ್ಟಿದ್ದೆ?" ಎಂದು ಸೊಸೆಯನ್ನೇ ಗದರಿದಳು.

"ತೋರಿಸೋಕೆ ಬಂದಾಗ ಬೆಕ್ಕನ್ನ ಕರಿ ಅಂದ್ರಲ್ಲ!"

ಆ ವಾರ ಅತ್ತೆ ಸೊಸೆಯರ ಜಗಳವೇ ಪಾಠವಾಯಿತು. ಫೋಟೋದಲ್ಲಿ ಬೆನ್ನ ಹಿಂದೆ ಕಟ್ಟಿದ್ದ ಬಟ್ಟೆಯ ಸುಕ್ಕು, ಕೋಟಿನ ಮೇಲಿನ ನೂಲು ಸಾಫ್ಟ್‌ವೇರಿನ ಪಾಲಿಗೆ. ಮುಖ ಟಚ್ಚಮ್ಮನ ಪಾಲಿಗೆ. ಒಬ್ಬನೇ ಒಬ್ಬ ನೆಂಟನನ್ನು ಮರ್ಯಾದೆಯಿಂದ ಕಳಿಸಿಕೊಟ್ಟಳು. ಮನೆಯವರೆಲ್ಲ ತಮ್ಮ ತಮ್ಮ ಜಾಗದಲ್ಲಿ ಕೂತರು.

ಬಾಕ್ಸಿಂಗ್ ಶಾಲೆಯಲ್ಲಿ ಫೋಟೋ ಮೇಲಿನ ಬಟ್ಟೆ ಜಾರಿತು. ಸೊಟ್ಟ ಮೂಗಿನ ಮೇಲಿಂದ ಆ ಎರಡು ಕಣ್ಣು ಒಬ್ಬೊಬ್ಬರನ್ನೂ ಹಿಡಿದು, ಕೈ ಎಲ್ಲಿ ಎಂದು ಕೇಳುವಂತಿದ್ದವು. ಮುಂದಿನ ಸಾಲಿನ ಬೊಜ್ಜು ಹೊಟ್ಟೆಯ ಹಳೆಯ ಶಿಷ್ಯನೊಬ್ಬ ಗೊತ್ತಿಲ್ಲದೆಯೇ ಎರಡು ಮುಷ್ಟಿ ಎತ್ತಿ ಗಲ್ಲಕ್ಕೆ ಹಿಡಿದ. ಪಕ್ಕದವಳೂ ಹಿಡಿದಳು. ನೋಡನೋಡುತ್ತ ಕೋಣೆಯ ತುಂಬ ಮುಷ್ಟಿಗಳು, ಅವುಗಳ ಹಿಂದೆ ನಗು.

ಫೋಟೋ ನೋಡಲು ಬಂದಿದ್ದ ಮದುವೆ ಆಲ್ಬಮ್ಮಿನವನು ಟಚ್ಚಮ್ಮನ ಹತ್ತಿರ ಬಂದು ಕಿವಿಯಲ್ಲಿ ಕೇಳಿದ: "ಅಮ್ಮ, ನೀವೂ ಅದೇ ಸಾಫ್ಟ್‌ವೇರ್ ತಗೊಂಡ್ರಂತೆ?"

"ತಗೊಂಡೆ. ನೀನೂ ಇಟ್ಕೋ. ಆದ್ರೆ ಗುಂಡಿ ಒತ್ತೋ ಮುಂಚೆ ಆ ವರನ ಅಜ್ಜೀನ ಪಕ್ಕದಲ್ಲಿ ಕೂರಿಸ್ಕೊಂಡು ಕೇಳು."

ಅಷ್ಟರಲ್ಲಿ ಕೋಚಣ್ಣನ ಕಣ್ಣು ಅವಳ ಮೇಲೆ ಬಿತ್ತು. ಪಕ್ಕದ ಬೀದಿಗೆ ಕೇಳುವ ಹಾಗೆ ಕೂಗಿದರು: "ತಂಗೀ, ಕೈ ಮೇಲೆ!"

ಟಚ್ಚಮ್ಮ ಸೆರಗಿನೊಳಗಿಂದ ಬಲಗೈ ತೆಗೆದು, ಅಷ್ಟು ಜನರೆದುರು, ನಡುಗುತ್ತಿದ್ದ ಹಾಗೆಯೇ ಮೇಲಕ್ಕೆತ್ತಿದಳು.