ಸುಳ್ಳುಸಾಕ್ಷಿಯ ಪಾಠ ಮಾಡಿದ ದಿನ

ಪಕ್ಕದ ಮನೆಯವರು ರಜೆಗೆ ಹೊರಟಾಗ ತಮ್ಮ ಮೀನುಗಳ ಆಹಾರದ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು ಹೋದರು. ಮುಚ್ಚಳ ತೆಗೆದೆ ನೋಡಿ, ಥೇಟ್ ಒಣ ಸೀಗಡಿಯ ವಾಸನೆ! ಕರಾವಳಿಯವರಿಗೆ ಬಾಯಲ್ಲಿ ನೀರೂರಬೇಕು. ನನಗೆ ಮಾತ್ರ ಕಿವಿ ಬಿಸಿಯಾಯಿತು. ಕಾರಣ ಹೇಳುತ್ತೇನೆ, ನಗಬೇಡಿ.

ನಾವು ಬಂದು ನೆಲೆಸಿರುವ ಪರದೇಶದ ಊರು ಪಿಕರಿಂಗ್‌ನ ಪುಟ್ಟದೊಂದು ಕ್ರೈಸ್ತ ಶಾಲೆಯಲ್ಲಿ ನಾನು ಎರಡನೇ ತರಗತಿಯ ಮಕ್ಕಳಿಗೆ ಧರ್ಮಪಾಠ ಹೇಳುತ್ತೇನೆ. ಉಡುಪಿಯ ಸಂಡೇ ಸ್ಕೂಲಿನಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ಕಡಲೆ ತಿನ್ನುತ್ತಿದ್ದವಳ ಮೇಲೆ ದೇವರು ಹೀಗೆ ಸೇಡು ತೀರಿಸಿಕೊಂಡ ಎಂದು ಗಂಡನ ಅಭಿಪ್ರಾಯ. ಐದಾರು ವರ್ಷಗಳ ಹಿಂದೆ ಕ್ಲಾಸಿನಲ್ಲಿ ಒಂದು ಕಿತ್ತಳೆ ಬಣ್ಣದ ಮೀನಿತ್ತು. ಮಕ್ಕಳು ಅದಕ್ಕೆ ಪೀಟರ್ ಎಂದು ಯೇಸುವಿನ ಶಿಷ್ಯನ ಹೆಸರಿಟ್ಟಿದ್ದರು. ಮೀನಿಗೆ ಮೀನುಗಾರನ ಹೆಸರು! ಒಂದು ವಾರಾಂತ್ಯ ಅದನ್ನು ಮನೆಗೆ ತಂದಿದ್ದೆ. ಭಾನುವಾರ ಚರ್ಚಿನಿಂದ ಬಂದು ನೋಡಿದರೆ ಪೀಟರ್ ಹೊಟ್ಟೆ ಮೇಲಾಗಿ ತೇಲುತ್ತಿದ್ದ.

"ಇನ್ನೊಂದು ತಂದು ಹಾಕು ಮಾರಾಯ್ತಿ," ಎಂದರು ಗಂಡ. "ಮೀನಿಗೆ ಎಂತ ಪಾಸ್‌ಪೋರ್ಟ್ ಉಂಟಾ? ಮಕ್ಕಳಿಗೆ ಗೊತ್ತಾಗುದಿಲ್ಲ."

ಹಾಗೇ ಮಾಡಿದೆ. ಸೋಮವಾರದ ಪಾಠ ಯಾವುದು ಗೊತ್ತೇ? ‘ಸುಳ್ಳುಸಾಕ್ಷಿ ಹೇಳಬಾರದು’ ಎಂಬ ಆಜ್ಞೆ. ಅದನ್ನು ಬೋರ್ಡಿನ ಮೇಲೆ ಚಂದದ ಅಕ್ಷರದಲ್ಲಿ ಬರೆದು ತಿರುಗಿದರೆ ರೂತ್ ಗಾಜಿನ ಬೋಗುಣಿಗೆ ಮೂಗು ಒತ್ತಿ ನಿಂತಿದ್ದಳು. ಏಳು ವರ್ಷದ ಹುಡುಗಿ, ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು.

"ಮಿಸ್, ದಿಸ್ ಈಸ್ ನಾಟ್ ಪೀಟರ್. ಪೀಟರ್‌ಗೆ ಬಾಲದಲ್ಲಿ ಕಪ್ಪು ಚುಕ್ಕೆ ಇತ್ತು."

"ಪೀಟರೇ ಪುಟ್ಟಾ, ಲೈಟಿಗೆ ಹಾಗೆ ಕಾಣ್ತದೆ."

"ರೂತ್ ಈಸ್ ಲೈಯಿಂಗ್!" ಎಂದು ಯಾರೋ ಕೂಗಿದರು. ಕ್ಲಾಸಿಗೆ ಕ್ಲಾಸೇ ಬೋರ್ಡಿನತ್ತ ಬೆರಳು ತೋರಿಸಿತು. ರೂತ್ ಅಳಲಿಲ್ಲ. ನಾನೇನಾದರೂ ಹೇಳುತ್ತೇನೆಂದು ನನ್ನನ್ನೇ ನೋಡುತ್ತಿದ್ದಳು. ನಾನು ಪಾಠ ಮುಂದುವರಿಸಿದೆ.

ರಿಸೆಸ್ಸಿನಲ್ಲಿ ಅವಳು ಬೇಲಿಯ ಪಕ್ಕದ ಬೆಂಚಿನಲ್ಲಿ ಒಬ್ಬಳೇ ಕೂತಿದ್ದಳು. ಯಾರೂ ಆಟಕ್ಕೆ ಕರೆಯಲಿಲ್ಲ. ಕಿಟಕಿಯಿಂದ ನೋಡುತ್ತಿದ್ದ ನಾನು ಚಹಾದ ಲೋಟ ಕೆಳಗಿಟ್ಟೆ.

ಬೆಲ್ ಹೊಡೆದ ಮೇಲೆ ಮಕ್ಕಳ ನಡುವೆ ನೆಲದ ಮೇಲೆ ಕೂತು ಹೇಳಿದೆ: "ಪೀಟರ್ ಸತ್ತುಹೋದ. ಇದು ಬೇರೆ ಮೀನು. ರೂತ್ ಹೇಳಿದ್ದು ನಿಜ. ಸುಳ್ಳು ಹೇಳಿದ್ದು ನಾನು. ಸಾರಿ, ರೂತ್."

ಒಂದಿಬ್ಬರು ಬಿಕ್ಕಿದರು. ಆಮೇಲೆ ಒಬ್ಬಳು ಮೆಲ್ಲಗೆ ಕೇಳಿದಳು: "ಮಿಸ್, ಈಗ ನಿಮಗೆ ಟೈಮ್‌ಔಟಾ?"

ಐದು ನಿಮಿಷ ಎಂದು ಸರ್ವಾನುಮತದಿಂದ ತೀರ್ಮಾನವಾಯಿತು. ಮೂಲೆಯ ಪುಟಾಣಿ ಕುರ್ಚಿಯಲ್ಲಿ, ಮೊಣಕಾಲು ಗಲ್ಲಕ್ಕೆ ತಾಗುವಂತೆ ಕೂತೆ. ರೂತ್ ಬಂದು ಪಕ್ಕದಲ್ಲಿ ನಿಂತಳು.

"ಪೀಟರ್ ಹೆವನ್‌ಗೆ ಹೋದನಾ?"

ಇಂಥ ಪ್ರಶ್ನೆಗೆಲ್ಲ ನನ್ನ ಬಳಿ ಸಿದ್ಧ ಉತ್ತರವಿರುತ್ತಿತ್ತು. ಆ ದಿನ ಮಾತ್ರ "ಗೊತ್ತಿಲ್ಲ, ರೂತ್," ಎಂದೆ.

ಅವಳು "ಓಕೆ" ಎಂದಳು. ಇನ್ನೊಂದು ಕುರ್ಚಿ ಎಳೆದುಕೊಂಡು ನನ್ನ ಶಿಕ್ಷೆ ಮುಗಿಯುವವರೆಗೂ ಜೊತೆಗೆ ಕೂತಳು.

ಈಗ ನಮ್ಮ ಕ್ಲಾಸಿನ ಗೋಡೆಯ ಮೇಲೆ ‘ಮಿಸ್‌ಗೆ ಗೊತ್ತಿಲ್ಲ’ ಎಂಬ ಹಾಳೆಯೊಂದಿದೆ. ನನಗೆ ಉತ್ತರ ಗೊತ್ತಿಲ್ಲದ ಪ್ರಶ್ನೆಗಳನ್ನು ಮಕ್ಕಳು ಅದರಲ್ಲಿ ಬರೆಯುತ್ತಾರೆ; ಪ್ರತಿ ವರ್ಷ ಅದು ಉದ್ದವಾಗುತ್ತದೆ. ಮೊನ್ನೆ ಒಬ್ಬ ‘ದೇವರಿಗೆ ಬೋರಾಗುತ್ತಾ?’ ಎಂದು ಬರೆದ. ಮಕ್ಕಳೆಲ್ಲ ಬಸ್ಸು ಹತ್ತಿದ ಮೇಲೆ ಅದರ ಕೆಳಗೆ ನನ್ನದೂ ಒಂದು ಪ್ರಶ್ನೆ ಬರೆದು ಬಂದೆ.