ವಾಸಿತಿ ಗೆದ್ದ ಪದಕ

ಫಿಜಿಯ ಹೆಣ್ಣುಮಕ್ಕಳ ರಗ್ಬಿ ತಂಡ ಪದಕ ಗೆದ್ದು ಬಂದಾಗ ಆಟಗಾರ್ತಿ ವಾಸಿತಿಯ ಹಳ್ಳಿಯವರು ಹಂದಿ ಕಡಿದು ಹಬ್ಬ ಮಾಡಿದರು. ಗಂಡಸರ ಆಟ ಆಡುತ್ತಾಳೆಂದು ಅವಳನ್ನು ಹಿಂದೆ ಮನೆಯಿಂದ ಹೊರಹಾಕಿದವನು ದೊಡ್ಡಪ್ಪ ಇಸಿಕೇಲಿ. ತಾಯಿ ಸತ್ತ ಸುದ್ದಿ ಕೇಳಿ ಬಂದಾಗಲೂ ಅವನು ಅವಳನ್ನು ಊರ ದಡದಲ್ಲಿ ದೋಣಿಯಿಂದ ಇಳಿಯಗೊಡಲಿಲ್ಲ. ತಾಯಿಯನ್ನು ಮಣ್ಣು ಮಾಡುವುದನ್ನು ಅವಳು ನೀರಿನ ಮೇಲಿಂದಲೇ ನೋಡಿದ್ದಳು.

ಈಗ ಅದೇ ದೊಡ್ಡಪ್ಪ ಚಾಪೆಯಿಂದೆದ್ದು ಗುಡುಗಿದ: "ಇವ್ಳು ದೇಶದ ಮಾನ ಕಾಯ್ತಾಳೆ ಅಂತ ನಾನು ಅವತ್ತೇ ಹೇಳಿದ್ದೆ! ನಮ್ಮ ರಕ್ತ ಕಣ್ರೋ!"

ಗೌರವಕ್ಕೆಂದು ಕೊಡುವ ಬೇರಿನ ಪಾನೀಯ ಯಂಗೋನ ತುಂಬಿದ ತೆಂಗಿನ ಚಿಪ್ಪನ್ನು ವಾಸಿತಿ ಕುಡಿಯದೆ ಕೆಳಗಿಟ್ಟಳು.

"ಅವ್ವನ ಮುಖ ನೋಡೋಕೂ ಬಿಡ್ಲಿಲ್ವಲ್ಲ ದೊಡ್ಡಪ್ಪ, ಆಗ ನಾನು ಯಾರ ರಕ್ತ ಆಗಿದ್ದೆ?"

"ಅದೆಲ್ಲ ಈಗ್ಯಾಕೆ ತಾಯಿ? ರೇಡಿಯೋದವರು ಬಂದವ್ರೆ, ಸುಮ್ನಿರು," ಎಂದು ಅವನು ನಗುನಗುತ್ತಲೇ ಪಿಸುಗುಟ್ಟಿದ.

ಅವಳು ಪದಕ ತೆಗೆದು ಅವನ ಕೊರಳಿಗೆ ಹಾಕಿದಳು. "ತಗೊಳ್ಳಿ. ನಿಮಗೆ ಬೇಕಾಗಿದ್ದು ಇದೇ ತಾನೇ, ನಾನಲ್ವಲ್ಲ."

ದೂರ ಕೂತವರಿಗೆ ಮಾತು ಕೇಳಿಸಲಿಲ್ಲ. ಹಿರಿಯರಿಗೆ ಎಂಥ ಗೌರವ ಕೊಟ್ಟಳೆಂದು ಹೆಂಗಸರು ಕಣ್ಣೊರೆಸಿಕೊಂಡರು, ಗಂಡಸರು ಚಪ್ಪಾಳೆ ತಟ್ಟಿದರು. ಇಸಿಕೇಲಿ ಪದಕವನ್ನು ತೆಗೆಯಲಿಲ್ಲ, ಅಂಗಿಯ ಮೇಲೆ ನೇರವಾಗಿ ಕೂರಿಸಿಕೊಂಡ.

ವಾಸಿತಿ ತಾಯಿಯ ಗೋರಿಯ ಬಳಿ ಸ್ವಲ್ಪ ಹೊತ್ತು ಕೂತಿದ್ದು, ಊಟಕ್ಕೂ ನಿಲ್ಲದೆ ಊರು ಬಿಟ್ಟಳು. ಪದಕವನ್ನು ಅವಳು ಮತ್ತೆಂದೂ ಕೇಳಲಿಲ್ಲ, ಅವನೂ ಕೊಡಲಿಲ್ಲ.